ನೆಟ್‌ವರ್ಕ್ ‘ನಿಧಾನ’: ‘ತಡ’ ಮತ್ತು ‘ಹರಿವು’ ಅಂತ ಬಳಸಬಹುದಾ?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಸಣ್ಣ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಲೆಕ್ಕಪತ್ರಕ್ಕೆ ವಿಂಡೋಸ್, ಫೈಲ್ ಇಡಲು ಲಿನಕ್ಸ್ ಸರ್ವರ್, ಡಿಸೈನ್ ಮಾಡುವವರಿಗೆ ಒಂದು ಮ್ಯಾಕ್. ದೂರಿನ ಪುಸ್ತಕದಲ್ಲಿ ಮಾತ್ರ ಎಲ್ಲರದೂ ಒಂದೇ ಸಾಲು: ‘ನೆಟ್‌ವರ್ಕ್ ಸ್ಲೋ’.

ಕಳೆದ ತಿಂಗಳು ಹೀಗಾಯಿತು. ಸರ್ವರ್‌ಗೆ ಪಿಂಗ್ ಮಾಡಿದರೆ (‘ಇದ್ದೀಯಾ?’ ಅಂತ ಚಿಕ್ಕ ಸಂದೇಶ ಕಳಿಸಿದರೆ) 1 ಮಿಲಿಸೆಕೆಂಡ್ ಒಳಗೇ ಉತ್ತರ. ದೊಡ್ಡ ಫೈಲ್ ಕಾಪಿ ಮಾಡಿದರೆ ತೆವಳಾಟ. ವಿಂಡೋಸ್‌ನವರು ಸುಮ್ನೆ ಲಿನಕ್ಸನ್ನು ಬೈದರು. ಮ್ಯಾಕ್‌ನಲ್ಲೂ ಅದೇ ಕತೆ. ಕೊನೆಗೆ ನೋಡಿದರೆ ಯಾವ ಓಎಸ್‌ನ ತಪ್ಪೂ ಅಲ್ಲ. ಸರ್ವರ್ ಸಿಕ್ಕಿಸಿದ್ದ ಸ್ವಿಚ್ (ಕಂಪ್ಯೂಟರ್‌ಗಳನ್ನು ಕೇಬಲ್‌ನಿಂದ ಜೋಡಿಸುವ ಪೆಟ್ಟಿಗೆ) ಪೋರ್ಟನ್ನು ಯಾರೋ ‘100 ಎಂಬಿಪಿಎಸ್, ಫುಲ್ ಡ್ಯುಪ್ಲೆಕ್ಸ್’ ಅಂತ ಕಟ್ಟಿಹಾಕಿದ್ದರು. ಫುಲ್ ಡ್ಯುಪ್ಲೆಕ್ಸ್ ಅಂದರೆ ಎರಡೂ ಕಡೆಯವರು ಒಟ್ಟಿಗೇ ಕಳಿಸಬಹುದು, ಹಾಫ್ ಅಂದರೆ ಒಬ್ಬರಾದ ಮೇಲೆ ಒಬ್ಬರು. ಸರ್ವರ್ ಆಟೋದಲ್ಲಿತ್ತು, ಅಂದರೆ ಎದುರಿನ ಕಡೆ ನೋಡಿಕೊಂಡು ತಾನೇ ಹೊಂದಿಕೊಳ್ಳುವ ಹಾಗೆ. ಹೀಗಿದ್ದಾಗ ಆಟೋ ಇರುವ ಕಡೆ ವೇಗವನ್ನೇನೋ ಸರಿಯಾಗಿ ಹಿಡಿಯುತ್ತದೆ, ಆದರೆ ಹಾಫ್ ಡ್ಯುಪ್ಲೆಕ್ಸ್‌ಗೆ ಇಳಿದುಬಿಡುತ್ತದೆ. ಒಂದು ಕಡೆಯವರು ಸರದಿ ಕಾಯುತ್ತಾರೆ, ಇನ್ನೊಂದು ಕಡೆಯವರು ನುಗ್ಗುತ್ತಲೇ ಇರುತ್ತಾರೆ. ಪಿಂಗ್‌ನಂಥ ಚಿಲ್ಲರೆ ಹೇಗೋ ದಾಟುತ್ತದೆ, ದೊಡ್ಡ ಫೈಲ್ ಡಿಕ್ಕಿ ಹೊಡೆಯುತ್ತದೆ. ಎರಡೂ ಕಡೆ ಆಟೋ ಮಾಡಿದೆ, ಸರಿಹೋಯಿತು.

ಈಗ ಪದದ ವಿಷಯ. ಸಿಬ್ಬಂದಿಗಾಗಿ ಕನ್ನಡದಲ್ಲಿ ಒಂದು ಪುಟ ಬರೆಯುತ್ತಿದ್ದೇನೆ. ಲೇಟೆನ್ಸಿ (ಉತ್ತರ ಬರಲು ಹಿಡಿಯುವ ಸಮಯ) ಜಾಸ್ತಿಯಾದರೂ ‘ನಿಧಾನ’, ಥ್ರೂಪುಟ್ (ಸೆಕೆಂಡಿಗೆ ದಾಟುವ ಡೇಟಾ) ಕಮ್ಮಿಯಾದರೂ ‘ನಿಧಾನ’ ಅಂದರೆ ದೂರು ಓದಿ ನನಗೇನೂ ತಿಳಿಯುವುದಿಲ್ಲ. ನಮ್ಮ ಕಡೆ ರೈತರು ಇವೆರಡನ್ನು ಬೆರೆಸುವುದೇ ಇಲ್ಲ, ಅಲ್ವಾ? ಕೆಆರ್‌ಎಸ್‌ನಿಂದ ವಿ.ಸಿ. ನಾಲೆಗೆ ಬಿಟ್ಟ ನೀರು ಮಳವಳ್ಳಿ ಕಡೆಯ ಕೊನೇ ಗದ್ದೆಗೆ ಬರುವುದು ‘ತಡ’. ಬಂದ ನೀರು ಸಾಲದೇ ಹೋದರೆ ‘ಹರಿವು ಕಮ್ಮಿ’. ಸೆಕೆಂಡಿಗೆ ಎಷ್ಟು ಅನ್ನುವುದಕ್ಕೆ ಕ್ಯೂಸೆಕ್, ಒಟ್ಟು ಎಷ್ಟು ಅನ್ನುವುದಕ್ಕೆ ಟಿಎಂಸಿ. ನಮ್ಮ ಎಂಬಿಪಿಎಸ್, ಜಿಬಿಗಳ ಲೆಕ್ಕವೂ ಅದೇ.

ಹಾಗಾಗಿ ಲೇಟೆನ್ಸಿಗೆ ‘ತಡ’, ಥ್ರೂಪುಟ್‌ಗೆ ‘ಹರಿವು’ ಅಂತ ಬರೆದಿದ್ದೇನೆ. ‘ವಿಳಂಬ’ ನನಗೆ ಸರ್ಕಾರಿ ನೋಟೀಸಿನ ಹಾಗೆ ಕೇಳಿಸುತ್ತದೆ. ಜೊತೆಗಿರುವ ಒಬ್ಬರು ಮಾತ್ರ ‘ತಡ ಅಂದರೆ ಆಫೀಸಿಗೆ ಲೇಟಾಗಿ ಬಂದ ಹಾಗಿದೆ’ ಅಂತ ನಗುತ್ತಾರೆ.

ಸಿಕ್ಕಿಹಾಕಿಕೊಂಡಿರುವುದು ಡ್ಯುಪ್ಲೆಕ್ಸ್‌ನಲ್ಲಿ. ಫುಲ್‌ಗೆ ‘ಇಬ್ಬದಿ’ ಅಂತ ಹಾಕಿದ್ದೆ, ಹೊಡೆದುಹಾಕಿದೆ. ಹಾಫ್‌ನಲ್ಲೂ ಮಾತು ಎರಡೂ ಕಡೆಯಿಂದ ಬರುತ್ತದಲ್ಲ, ಒಟ್ಟಿಗೆ ಬರುವುದಿಲ್ಲ ಅಷ್ಟೇ. ಹಾಫ್‌ಗೆ ‘ಸರದಿ’ ಒಪ್ಪುತ್ತದೆ ಅನಿಸುತ್ತದೆ. ಫುಲ್‌ಗೆ ಏನನ್ನಬಹುದು?