ಬಿ.ಫಾರ್ಮ್ ಆದಮೇಲೆ ಫಾರ್ಮಕಾಲಜಿ (ಔಷಧ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವ ಓದು): ಇಲ್ಲೇ ಎಂ.ಫಾರ್ಮ್ ಮಾಡಲಾ, ಯುಕೆಗೆ ಹೋಗಲಾ?

ಹಾಸನದ ಹುಡುಗಿ: ಬಿ.ಫಾರ್ಮ್ ಕೊನೆಯ ಸೆಮಿಸ್ಟರ್. ಎಂ.ಫಾರ್ಮ್ ಪ್ರವೇಶ ಪರೀಕ್ಷೆ ಜಿಪ್ಯಾಟ್ ಬರೆದಿದ್ದೇನೆ. ಬೆಂಗಳೂರಲ್ಲಿ ಎಂ.ಫಾರ್ಮ್ ಫಾರ್ಮಕಾಲಜಿಯೋ, ಯುಕೆಯಲ್ಲಿ ಒಂದು ವರ್ಷದ ಎಂ.ಎಸ್‌ಸಿಯೋ? ಅಪ್ಪ ಸಾಲ ತೆಗೆಯಲು ತಯಾರಿದ್ದಾರೆ. ನನಗೆ ಇಲಿ ಮುಟ್ಟಲೂ ಭಯ. ಓದಿದವರು ಹೇಳಿ.

ಇಲಿಮನೆ: ಫೀಸ್ ಎಲ್ಲರೂ ಹೇಳುತ್ತಾರೆ, ಎಂ.ಫಾರ್ಮ್ ಡಿಸರ್ಟೇಶನ್‌ಗೆ (ಇಲಿಗಳ ಮೇಲೆ ಪ್ರಯೋಗ ಮಾಡಿ ಬರೆಯುವ ಪ್ರಬಂಧ) ಆಗುವ ಖರ್ಚು ಯಾರೂ ಹೇಳುವುದಿಲ್ಲ. ಪ್ರಾಣಿ ಪ್ರಯೋಗದ ಎಥಿಕ್ಸ್ ಕಮಿಟಿ ಒಪ್ಪಿಗೆಗೇ ಅರ್ಧ ಸೆಮಿಸ್ಟರ್ ಹೋಯಿತು, ಅದರಲ್ಲಿ ಕೂರುವ ಹೊರಗಿನ ನಾಮಿನಿಗೆ ಪುರುಸೊತ್ತಿಲ್ಲ. ವಿಸ್ಟಾರ್ ಅನ್ನುವ ಲ್ಯಾಬ್ ತಳಿಯ ಇಲಿ ಒಂದಕ್ಕೆ 450 ರೂಪಾಯಿ. ಗುಂಪಿಗೆ 6ರಂತೆ 5 ಗುಂಪು, ಅಲ್ಲಿಗೆ 13,500. ಶುಗರ್ ಕಾಯಿಲೆ ಬರಿಸಲು ಸ್ಟ್ರೆಪ್ಟೊಜೋಟೋಸಿನ್ ಕೊಟ್ಟೆವು. ಕೆಲವು ಸತ್ತವು, ಕೆಲವಕ್ಕೆ ಶುಗರ್ ಏರಲೇ ಇಲ್ಲ. ಮತ್ತೆ ಕಮಿಟಿ, ಮತ್ತೆ ಇಲಿ. ರಕ್ತದಲ್ಲಿನ ಪ್ರೋಟೀನ್ ಅಳೆಯುವ ಎಲೈಸಾ ಕಿಟ್ 32,000, ಅಂಗಾಂಶ ನೋಡುವ ಹಿಸ್ಟೋಪೆಥಾಲಜಿ ಸ್ಲೈಡಿಗೆ 350. ಜಿಪ್ಯಾಟ್ ಸ್ಟೈಪೆಂಡ್ ತಿಂಗಳಿಗೆ 12,400 ಅಂತಾರೆ. ನನಗೆ ತಿಂಗಳುಗಟ್ಟಲೆ ತಡವಾಗಿ ಒಟ್ಟಿಗೆ ಬಂತು. ಪಿಜಿ ಆಂಟಿ ಮಾತ್ರ ಒಂದನೇ ತಾರೀಕೇ ಬಾಗಿಲು ಬಡಿಯುತ್ತಿದ್ದರು. ಈಗ ಫಾರ್ಮಕೋವಿಜಿಲೆನ್ಸ್‌ನಲ್ಲಿದ್ದೇನೆ, ಔಷಧಗಳ ಅಡ್ಡಪರಿಣಾಮ ದಾಖಲಿಸುವ ಕೆಲಸ. ಪಕ್ಕದ ಸೀಟಿನವನು ಬರೀ ಬಿ.ಫಾರ್ಮ್. ಸಂಬಳದಲ್ಲಿ ದೊಡ್ಡ ವ್ಯತ್ಯಾಸವೇನಿಲ್ಲ.

ಗ್ಲಾಸ್ಗೊ ಕನ್ನಡಿಗ: ಇಲ್ಲಿನ ಲೆಕ್ಕ ನೋಡಿ. ಫೀಸ್ 26,000 ಪೌಂಡ್. ವೀಸಾ 16 ತಿಂಗಳಿಗೆ ಬರುತ್ತದೆ, ಹಾಗಾಗಿ ವರ್ಷಕ್ಕೆ 776ರಂತೆ ಒಂದೂವರೆ ವರ್ಷದ ಆರೋಗ್ಯ ಸರ್ಚಾರ್ಜ್ 1,164 ಪೌಂಡ್ ಮೊದಲೇ ಕಟ್ಟಬೇಕು. ಓದು ಮುಗಿದ ಮೇಲೆ ಕೆಲಸಕ್ಕೆ ಉಳಿಯುವ ಗ್ರ್ಯಾಜುಯೇಟ್ ವೀಸಾಗೆ ಸರ್ಚಾರ್ಜ್ ವರ್ಷಕ್ಕೆ 1,035, ಅರ್ಜಿ ಫೀಸ್ ಬೇರೆ. ಆ ವೀಸಾ ಎರಡು ವರ್ಷ ಇತ್ತು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು ಮಾತ್ರ. ಮುಂದೆ ವೀಸಾಗೆ ಕಂಪನಿಯೇ ಸ್ಪಾನ್ಸರ್ ಆಗಬೇಕು ಅಂದ ಕೂಡಲೇ ಕಂಪನಿಗಳ ಮೇಲ್ ನಿಂತುಹೋಗುತ್ತಿತ್ತು. ಆದರೂ ಪ್ಯಾಚ್ ಕ್ಲ್ಯಾಂಪ್ (ಜೀವಕೋಶದ ವಿದ್ಯುತ್ ಅಳೆಯುವ ವಿಧಾನ) ಕೈಯಾರೆ ಮಾಡಿ ಕಲಿತೆ. ನಿಮ್ಮಲ್ಲಿ ಅದನ್ನು ಪುಸ್ತಕದಲ್ಲಿ ನೋಡಿರುತ್ತೀರಿ ಅಷ್ಟೇ.

ಇಲಿಮನೆ: ಪ್ಯಾಚ್ ಕ್ಲ್ಯಾಂಪ್ ಕಲಿತವರು ಈಗ ಏನು ಕೆಲಸ ಮಾಡುತ್ತಿದ್ದೀರಿ ಸ್ವಾಮಿ?

ಗ್ಲಾಸ್ಗೊ ಕನ್ನಡಿಗ: ಕೇರ್ ಹೋಮ್‌ನಲ್ಲಿ. ದುಡಿದು ತಿನ್ನುತ್ತಿದ್ದೇನೆ, ಯಾರಪ್ಪನ ದುಡ್ಡಲ್ಲೂ ಅಲ್ಲ.

ಮೂರು ವರ್ಷದ ಎಂ.ಎಸ್‌ಸಿ: ಮೆಡಿಕಲ್ ಕಾಲೇಜಿನ ಎಂ.ಎಸ್‌ಸಿ ಮೆಡಿಕಲ್ ಫಾರ್ಮಕಾಲಜಿ ಯಾರಿಗೂ ನೆನಪಿಲ್ಲ. ನಾನು ಮಾಡಿದೆ, ಪಾಠವನ್ನೂ ಮಾಡಿದೆ. 2020ರ ನಿಯಮದಲ್ಲಿ ಮೆಡಿಕಲ್ ಕಾಲೇಜಿನ ಶಿಕ್ಷಕ ಹುದ್ದೆಗಳಲ್ಲಿ ಎಂಬಿಬಿಎಸ್ ಇಲ್ಲದವರ ಪಾಲು ಫಾರ್ಮಕಾಲಜಿಯಲ್ಲಿ ಸೊನ್ನೆ ಆಯಿತು. ಮೊದಲು ಶೇಕಡಾ 30 ಇತ್ತು. 2025ರಲ್ಲಿ ಪಿಎಚ್‌ಡಿ ಇದ್ದವರಿಗೆ ಬಾಗಿಲು ಮತ್ತೆ ತೆರೆದರು. ಅಷ್ಟರಲ್ಲಿ ನಾನು ಔಷಧ ಕಂಪನಿಯಲ್ಲಿ ಮೆಡಿಕಲ್ ರೈಟರ್ ಆಗಿದ್ದೆ. ತಿರುಗಿ ಹೋಗಲ್ಲ.

ಫಾರ್ಮ್.ಡಿ ಡಾಕ್ಟರ್: ಇಲಿ ಭಯ ಅಂದರೆ ಆಸ್ಪತ್ರೆಯಲ್ಲಿ ಕಲಿಯುವ ಫಾರ್ಮ್.ಡಿ ಮಾಡಿ. ಬಿ.ಫಾರ್ಮ್ ಆದವರಿಗೆ ಪೋಸ್ಟ್ ಬ್ಯಾಕಲಾರಿಯೇಟ್ ಇದೆ, ಮೂರೇ ವರ್ಷ. ವಾರ್ಡ್ ರೌಂಡ್ಸ್‌ನಲ್ಲಿ ಡ್ರಗ್ ಇಂಟರಾಕ್ಷನ್ (ಒಂದು ಔಷಧ ಇನ್ನೊಂದರ ಕೆಲಸ ಕೆಡಿಸುವುದು) ಹಿಡಿಯುವುದು ನಾವು.

ಮೂರು ವರ್ಷದ ಎಂ.ಎಸ್‌ಸಿ: ಹಿಡಿದು ಬರೆದ ಚೀಟಿಯನ್ನು ಯಾವ ಡಾಕ್ಟರ್ ಓದುತ್ತಾರೆ? ಹೆಸರಿನ ಮುಂದೆ ಡಾ. ಹಾಕಿಕೊಂಡರೆ ಆಯ್ತಾ?

ಫಾರ್ಮ್.ಡಿ ಡಾಕ್ಟರ್: 2008ರಲ್ಲಿ ಕೋರ್ಸ್ ಶುರುವಾದಾಗಿಂದ ಇದೇ ರಾಗ. ನನ್ನದು ಪೂರ್ತಿ ಆರು ವರ್ಷದ ಕೋರ್ಸ್. ಇಂಟರ್ನ್‌ಶಿಪ್‌ನಲ್ಲಿ ಒಂದು ಪೈಸೆ ಸ್ಟೈಪೆಂಡ್ ಕೊಡಲಿಲ್ಲ, ಊಟ ಸಹ ನಮ್ಮದೇ. ಡಾ. ಅನ್ನುವುದನ್ನೂ ಬಿಟ್ಟುಕೊಡಬೇಕಾ?

ಇಲಿಮನೆ: ಬಿಡಬೇಡಿ. ಆದರೆ ಆ ಹುಡುಗಿಗೆ ಪೂರ್ತಿ ಹೇಳಿ, ಆಸ್ಪತ್ರೆಯಲ್ಲಿ ನಿಮ್ಮ ಪೋಸ್ಟ್‌ಗೆ ಸಂಬಳ ಎಷ್ಟು?

ಫಾರ್ಮ್.ಡಿ ಡಾಕ್ಟರ್: 22,000. ನಿಮಗ್ಯಾಕೆ ಬೇಕು?

ಧಾರವಾಡ ಪಿಎಚ್‌ಡಿ: ಜಗಳ ಆಮೇಲೆ ಮಾಡ್ರಿ. ಇಲಿಮನೆ ಅವರೇ, ಆ ಎಲೈಸಾ ಕಿಟ್ ಯಾವ ಮಾರ್ಕರ್‌ದು? ಸ್ಟ್ರಿಪ್ ಉಳಿದಿದ್ದರೆ ನನಗೆ ಬೇಕಾಗಿತ್ತು.

ಇಲಿಮನೆ: ಉರಿಯೂತ ತೋರಿಸುವ ಟಿಎನ್‌ಎಫ್ ಆಲ್ಫಾ, ಅರ್ಧ ಪ್ಲೇಟ್ ಇದೆ. ಎಕ್ಸ್‌ಪೈರಿ ಮುಂದಿನ ತಿಂಗಳು. 8,000 ಕೊಡಿ, ಕೊರಿಯರ್ ಖರ್ಚು ನಿಮ್ಮದು.

ಧಾರವಾಡ ಪಿಎಚ್‌ಡಿ: ಎಂಟು ಸಾವಿರ ಜಾಸ್ತಿ ಆಯ್ತು. ಐಸ್ ಪ್ಯಾಕ್ ಹಾಕಿ ಕಳಿಸುವುದಾದರೆ ಐದು ಕೊಡುತ್ತೇನೆ.