ಸಂಶೋಧನಾ ಕೇಂದ್ರದ ವಿಸ್ತರಣೆ: ಅಹವಾಲು ಸಭೆಯಲ್ಲಿ ಏನು ಕೇಳಬೇಕು?

ಕಾಂಪೌಂಡ್ ಪಕ್ಕದವಳು:

ನಮ್ಮ ಹಿತ್ತಲ ಗೋಡೆಯಾಚೆ ವೈದ್ಯಕೀಯ ಸಂಶೋಧನಾ ಕೇಂದ್ರವಿದೆ. ಅದನ್ನು ದೊಡ್ಡದು ಮಾಡುತ್ತಾರಂತೆ. ಹೊಸ ಲ್ಯಾಬ್ ಕಟ್ಟಡ, ಪ್ರಯೋಗದ ಪ್ರಾಣಿಗಳಿಗೆ ಒಂದು ವಿಭಾಗ, ಜನರ ರಕ್ತ, ಅಂಗಾಂಶದ ಮಾದರಿಗಳನ್ನು ಕೂಡಿಡುವ ಬಯೋಬ್ಯಾಂಕ್, ಜೊತೆಗೆ ಅಪಾಯದ ರೋಗಾಣುಗಳನ್ನು ಬಿಗಿ ಭದ್ರತೆಯಲ್ಲಿಟ್ಟು ಕೆಲಸ ಮಾಡುವ ಒಂದು ಬಿಎಸ್‌ಎಲ್-3 ಪ್ರಯೋಗಾಲಯ. ಸಾರ್ವಜನಿಕರ ಅಹವಾಲು ಸಭೆ ಕರೆದಿದ್ದಾರೆ. ಅಕ್ಕಪಕ್ಕದವರಲ್ಲಿ ಅರ್ಧ ಜನ ವೈರಸ್ ಹೊರಗೆ ಬರುತ್ತೆ ಅಂತ ಹೆದರಿದ್ದಾರೆ, ಉಳಿದರ್ಧ ಜನ ಮನೆ ಬೆಲೆ ಏರುತ್ತೆ ಅಂತ ಖುಷಿಯಾಗಿದ್ದಾರೆ. ನಾನು ಲೆಕ್ಕಪತ್ರ ನೋಡುವವಳು, ವಿಜ್ಞಾನ ಅಷ್ಟಕ್ಕಷ್ಟೆ. ಯೋಜನಾ ವರದಿ ಪೂರ್ತಿ ಓದಿದೆ. ಚದರಡಿ ಲೆಕ್ಕ, ಗಾಜಿನ ಗೋಡೆ, ಮರದಡಿ ನಗುತ್ತಾ ಕೂತ ವಿಜ್ಞಾನಿಗಳ ಚಿತ್ರ, ಇಷ್ಟೇ. ಯಾವ ಪ್ರಶ್ನೆ ಕೇಳಿದರೆ ಅವರು ಜಾರಿಕೊಳ್ಳದೆ ಉತ್ತರ ಕೊಡಬೇಕಾಗುತ್ತೆ?

ಡಕ್ಟ್ ಮೇಸ್ತ್ರಿ:

ಮೇಡಂ, ನಾನೂ ವಿಜ್ಞಾನಿಯಲ್ಲ. ಇಂಥ ಕಟ್ಟಡಗಳಿಗೆ ಗಾಳಿ, ಕರೆಂಟು, ನೀರು ಕೊಡೋ ಕೆಲಸದಲ್ಲೇ ತಲೆ ನರೆತವನು. ಚಿತ್ರಗಳ ಪುಟ ಮಗುಚಿ, ನೆಲಮಾಳಿಗೆಯ ನಕ್ಷೆ ಎಲ್ಲಿದೆ ಅಂತ ಹುಡುಕಿ. ಮಾಲೀಕರು ಯಾರಿಗೂ ತೋರಿಸಲು ಇಷ್ಟಪಡದ ಹಾಳೆ ಅದು.

ಪ್ರಾಣಿಗಳನ್ನು ಇಡೋದು ಬಹಳ ಕಡೆ ನೆಲಮಾಳಿಗೆಯಲ್ಲಿ. ಸದ್ದಿಲ್ಲ, ಬೆಳಕನ್ನು ಬೇಕಾದಷ್ಟೇ ಬಿಡಬಹುದು, ಮೇಲಿನ ಮಹಡಿಯ ಒಳ್ಳೆ ಜಾಗ ಉಳಿಯುತ್ತೆ. 2001ರಲ್ಲಿ ಆಲಿಸನ್ ಚಂಡಮಾರುತದ ಮಳೆಗೆ ಅಮೆರಿಕದ ಹ್ಯೂಸ್ಟನ್ನಿನ ಮೆಡಿಕಲ್ ಸೆಂಟರ್‌ನ ನೆಲಮಾಳಿಗೆಗಳು ತುಂಬಿದವು. ಬೇಲರ್ ವೈದ್ಯಕೀಯ ಕಾಲೇಜೊಂದರಲ್ಲೇ 30,000ಕ್ಕೂ ಹೆಚ್ಚು ಇಲಿಗಳು ಸತ್ತವು. ವರ್ಷಗಟ್ಟಲೆ ಬೆಳೆಸಿದ ತಳಿಗಳು, ಮತ್ತೆ ಅಂಗಡಿಯಲ್ಲಿ ಸಿಗೋ ಮಾಲಲ್ಲ. ಜಗತ್ತು ಪಾಠ ಕಲಿಯಿತು ಅಂದುಕೊಂಡರೆ, 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಮತ್ತದೇ ಕಥೆ. ಅಲ್ಲೂ ನೆಲಮಾಳಿಗೆ, ಅಲ್ಲೂ ಸಾವಿರಾರು ಇಲಿಗಳು. ಜನರೇಟರ್, ಅದರ ಡೀಸೆಲ್ ಪಂಪ್, ವಿದ್ಯುತ್ ಪ್ಯಾನೆಲ್ ಯಾವ ಮಟ್ಟದಲ್ಲಿವೆ ಅಂತ ಕೇಳಿ. ಜನರೇಟರನ್ನು ಚಾವಣಿಗೇರಿಸಿ ಪಂಪನ್ನು ಕೆಳಗೇ ಬಿಡೋ ಪುಣ್ಯಾತ್ಮರೂ ಇದ್ದಾರೆ.

ಬಯೋಬ್ಯಾಂಕ್ ಅಂದರೆ ಮೈನಸ್ 80 ಡಿಗ್ರಿ ಫ್ರೀಜರುಗಳ ಸಾಲು. ಹಳೇ ಫ್ರೀಜರಾದರೆ ಒಂದೊಂದೂ ದಿನಕ್ಕೆ 20 ಯೂನಿಟ್ ಆಸುಪಾಸು ಕರೆಂಟು ತಿನ್ನುತ್ತೆ. ತಿಂದದ್ದೆಲ್ಲ ಬಿಸಿಯಾಗಿ ಕೋಣೆಗೆ ಬರುತ್ತೆ, ಅದನ್ನು ಹೊರಹಾಕಲು ಮತ್ತೆ ಏಸಿ. ಸಂಸ್ಥೆಗಳು ಫ್ರೀಜರ್ ಕೊಳ್ಳಲು ಅನುದಾನ ತರುತ್ತವೆ, ಹತ್ತು ವರ್ಷ ಅದರ ಬಿಲ್ ಕಟ್ಟಲು ತರೋದಿಲ್ಲ. ನೀವು ಲೆಕ್ಕದವರು, ನಡೆಸೋ ಖರ್ಚಿನ ಪುಟ ಎಲ್ಲಿ ಅಂತ ಕೇಳೋಕೆ ನಿಮಗಿಂತ ಯಾರು ಬೇಕು?

ಅಲಾರಾಂ ಬಗ್ಗೆಯೂ ಕೇಳಿ. 2012ರಲ್ಲೇ ದಾನ ಬಂದ ಮೆದುಳುಗಳನ್ನು ಕೂಡಿಡೋ ಹಾರ್ವರ್ಡಿನ ಬ್ರೈನ್ ಬ್ಯಾಂಕಿನಲ್ಲಿ ಒಂದು ಫ್ರೀಜರ್ ಕೆಟ್ಟಿತು. ಎರಡು ಅಲಾರಾಂ ಇದ್ದವು, ಎರಡೂ ಕೂಗಲಿಲ್ಲ. ಹೊರಗಿನ ಮೀಟರ್ ಎಲ್ಲ ಸರಿಯಾಗಿದೆ ಎಂದೇ ತೋರಿಸುತ್ತಿತ್ತು. ಒಳಗೆ ಸುಮಾರು 150 ಮೆದುಳುಗಳು ಕರಗಿದ್ದವು, ಅದರಲ್ಲಿ ಮೂರನೇ ಒಂದು ಪಾಲು ಆಟಿಸಂ ಸಂಶೋಧನೆಗೆಂದು ಕುಟುಂಬದವರು ದಾನ ಕೊಟ್ಟವು. ಅಲಾರಾಂ ಇದೆ ಅನ್ನೋದು ಉತ್ತರವಲ್ಲ. ಭಾನುವಾರ ರಾತ್ರಿ ಅದು ಯಾರ ಫೋನಿಗೆ ಹೋಗುತ್ತೆ, ಆತ ಎಷ್ಟು ಹೊತ್ತಿನಲ್ಲಿ ಬರ್ತಾನೆ, ಖಾಲಿ ಫ್ರೀಜರ್ ಒಂದು ತಣ್ಣಗೆ ಕಾಯುತ್ತಿರುತ್ತಾ, ಇವು ಬೇಕು.

ಇನ್ನು ಎಲ್ಲರೂ ಹೆದರೋ ಬಿಎಸ್‌ಎಲ್-3. ಕ್ಷಯದ ಬ್ಯಾಕ್ಟೀರಿಯಾದಂಥವನ್ನು ಬೆಳೆಸೋ ಮಟ್ಟ ಅದು, ಎಬೋಲಾದ್ದು ಅದರ ಮೇಲಿನ 4. ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆ ಇರುತ್ತೆ, ಬಾಗಿಲು ತೆಗೆದರೂ ಗಾಳಿ ಒಳಕ್ಕೇ ನುಗ್ಗಬೇಕು. ಹೊರಹೋಗೋ ಗಾಳಿಯನ್ನು ಅತಿ ಸಣ್ಣ ಕಣಗಳನ್ನೂ ಹಿಡಿಯೋ ಹೆಪಾ ಫಿಲ್ಟರಿನಿಂದ ಸೋಸುತ್ತಾರೆ. ಫ್ಯಾನ್ ನಿಂತರೆ ಎರಡನೇ ಫ್ಯಾನ್ ತಾನಾಗೇ ಶುರುವಾಗುತ್ತಾ, ಆ ಒಂದು ಕ್ಷಣ ಒತ್ತಡ ತಲೆಕೆಳಗಾಗುತ್ತಾ, ವರ್ಷಕ್ಕೊಮ್ಮೆ ಕರೆಂಟು ತೆಗೆದು ಪರೀಕ್ಷೆ ಮಾಡ್ತೀರಾ, ವರದಿಯನ್ನು ಹೊರಗಿನವರಿಗೆ ತೋರಿಸ್ತೀರಾ? ಕೊನೆಯದಕ್ಕೆ ಸಭೆಯಲ್ಲಿ ಕೆಮ್ಮು ಬರುತ್ತೆ, ನೋಡಿ. ಭಯ ಪೂರ್ತಿ ಹುಸಿ ಅಂತ ನಾನು ಹೇಳೋದಿಲ್ಲ. 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವೈದ್ಯಕೀಯ ಶಾಲೆಯಲ್ಲಿ ಸಿಡುಬಿನ ಲ್ಯಾಬಿನ ಮೇಲಿನ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ಛಾಯಾಗ್ರಾಹಕಿ ಜಾನೆಟ್ ಪಾರ್ಕರ್ ಸಿಡುಬಿನಿಂದಲೇ ತೀರಿಕೊಂಡರು. ಗಾಳಿ ಸಾಗೋ ಡಕ್ಟಿನ ಮೂಲಕ ಬಂತೋ ಬೇರೆ ದಾರಿಯಲ್ಲೋ, ಅದು ಕೊನೆಗೂ ಬಗೆಹರಿಯಲಿಲ್ಲ.

ವಾರ್ಡ್ ನಂ. 6:

ಮೇಸ್ತ್ರಿಗಳು ಹೇಳಿದ್ದೆಲ್ಲ ಸರಿ, ಆದರೆ ಅದರಲ್ಲಿ ಮನುಷ್ಯರೇ ಇಲ್ಲ. ನಾನು ಔಷಧ, ಚಿಕಿತ್ಸೆಗಳನ್ನು ಜನರ ಮೇಲೆ ಪರೀಕ್ಷಿಸೋ ಕ್ಲಿನಿಕಲ್ ಟ್ರಯಲ್‌ಗಳಲ್ಲಿ ನರ್ಸ್. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1948ರಲ್ಲಿ ಶುರುವಾದ ಹೃದಯದ ಅಧ್ಯಯನಕ್ಕೆ ಆ ಊರಿನ 5,209 ಜನ ಸೇರಿದರು. ರಕ್ತದೊತ್ತಡ, ಕೊಲೆಸ್ಟ್ರಾಲ್, ಸಿಗರೇಟು ಹೃದಯಕ್ಕೆ ಏನು ಮಾಡುತ್ತವೆ ಅಂತ ಇವತ್ತು ವೈದ್ಯರು ಹೇಳೋದರಲ್ಲಿ ಬಹುಪಾಲು ಅವರ ಮೈಯಿಂದ ಬಂದದ್ದು. ಗಾಜಿನ ಕಟ್ಟಡದಿಂದಲ್ಲ.

ಹಾಗಾಗಿ ಬಯೋಬ್ಯಾಂಕಿಗೆ ರಕ್ತ ಕೊಟ್ಟವರ ಒಪ್ಪಿಗೆ ಒಂದೇ ಅಧ್ಯಯನಕ್ಕೋ, ಮುಂದಿನ ಎಲ್ಲದಕ್ಕೋ, ಕಂಪನಿಗಳಿಗೂ ಕೊಡ್ತಾರೋ ಕೇಳಿ. ಮಧ್ಯದಲ್ಲಿ ಬೇಡ ಅಂದರೆ ಮಾದರಿ ನಾಶ ಮಾಡ್ತಾರಾ? ಸಂಶೋಧನೆ ನ್ಯಾಯವಾಗಿ ನಡೆಯುತ್ತಾ ಅಂತ ನೋಡೋ ನೈತಿಕ ಸಮಿತಿಯಲ್ಲಿ ವೈದ್ಯರಲ್ಲದವರು ಯಾರಿದ್ದಾರೆ? ಇನ್ನೊಂದು: ಹೊಸ ಲ್ಯಾಬಿಗೆ ಯಂತ್ರದ ಪಟ್ಟಿ ಇರುತ್ತೆ, ಅದನ್ನು ನಡೆಸೋ ಟೆಕ್ನಿಷಿಯನ್ ಹುದ್ದೆ ಇರೋದಿಲ್ಲ. ಆಮೇಲೆ ನಮ್ಮನ್ನೇ ವಾರ್ಡಿನಿಂದ ಎಳೀತಾರೆ.

ನೇರನುಡಿ:

ಇಷ್ಟೆಲ್ಲ ಕೊಕ್ಕೆ ಹಾಕಿದರೆ ಅವರು ಬೇರೆ ನಗರಕ್ಕೆ ಹೋಗ್ತಾರೆ, ಅಷ್ಟೇ. ಔಷಧ ಬೇಕು, ಲಸಿಕೆ ಬೇಕು, ಲ್ಯಾಬ್ ಮಾತ್ರ ನಮ್ಮ ಪಕ್ಕ ಬೇಡ. ಸಾಮಾನ್ಯ ಜನಕ್ಕೆ ಇದೆಲ್ಲ ಏನು ಗೊತ್ತಾಗುತ್ತೆ?

ಡಕ್ಟ್ ಮೇಸ್ತ್ರಿ:

ಬೇಡ ಅಂದವರು ಯಾರು ಸ್ವಾಮಿ? ಹೊಟ್ಟೆಪಾಡೇ ಅದರಲ್ಲಿ ನಡೆದಿದೆ ನನಗೆ.

1976ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಒಂದು ಜೀವಿಯ ಡಿಎನ್ಎಯನ್ನು ಇನ್ನೊಂದರದ್ದಕ್ಕೆ ಜೋಡಿಸೋ ಪ್ರಯೋಗಕ್ಕೆ ಹೊಸ ಲ್ಯಾಬ್ ಮಾಡಹೊರಟಿತು. ಮೇಯರ್ ಆಲ್ಫ್ರೆಡ್ ವೆಲ್ಲುಚಿ ತುಂಬಿದ ಸಭೆಯಲ್ಲಿ ವಿಜ್ಞಾನಿಗಳನ್ನು ಕೂರಿಸಿ ಪ್ರಶ್ನೆ ಹಾಕಿದರು. ನಗರಸಭೆ ಪ್ರಯೋಗಗಳಿಗೆ ತಡೆ ಹಾಕಿ, ನಾಗರಿಕರ ಸಮಿತಿ ಮಾಡಿತು. ಅದರ ಅಧ್ಯಕ್ಷರು ಮನೆ ಕಾಯಿಸೋ ಎಣ್ಣೆಯ ವ್ಯಾಪಾರ ಮಾಡ್ತಿದ್ದವರು, ಸದಸ್ಯರಲ್ಲೊಬ್ಬರು ನರ್ಸ್. ತಿಂಗಳುಗಟ್ಟಲೆ ಕೂತು, ಎರಡೂ ಕಡೆಯವರ ವಾದ ಕೇಳಿ, 1977ರಲ್ಲಿ ವರದಿ ಕೊಟ್ಟರು: ಪ್ರಯೋಗ ನಡೀಲಿ, ಆದರೆ ಈ ಈ ಷರತ್ತಿನ ಮೇಲೆ. ನಗರ ಅದನ್ನು ಕಾನೂನು ಮಾಡಿತು. ಕಂಪನಿಗಳು ಓಡಿಹೋದವಾ? 1982ರಲ್ಲಿ ಬಯೋಜೆನ್ ಅನ್ನೋ ಜೈವಿಕ ತಂತ್ರಜ್ಞಾನ ಕಂಪನಿ ಅದೇ ಊರಿಗೆ ಬಂತು, ಅಲ್ಲಿನ ಕೆಂಡಲ್ ಸ್ಕ್ವೇರ್ ಈಗ ಜಗತ್ತಿನಲ್ಲೇ ಅತಿ ಹೆಚ್ಚು ಜೈವಿಕ ತಂತ್ರಜ್ಞಾನ ಕಂಪನಿಗಳು ಒತ್ತೊತ್ತಾಗಿರೋ ಜಾಗಗಳಲ್ಲಿ ಒಂದು. ನಿಯಮ ಮೊದಲೇ ಗೊತ್ತಿದ್ದರೆ ದುಡ್ಡು ಹಾಕೋನಿಗೂ ಧೈರ್ಯ.

ಕಾಂಪೌಂಡ್ ಪಕ್ಕದವಳು:

ವರದಿ ಮತ್ತೆ ನೋಡಿದೆ. ನೆಲಮಾಳಿಗೆ "ಸೇವಾ ವಿಭಾಗ" ಅಂತ ಒಂದೇ ಬೂದು ಚೌಕ, ನಡೆಸುವ ಖರ್ಚಿನ ಪುಟವಂತೂ ಇಲ್ಲವೇ ಇಲ್ಲ. ಎರಡನ್ನೂ ಬರವಣಿಗೆಯಲ್ಲಿ ಕೇಳಿದ್ದೇನೆ, ಒಪ್ಪಿಗೆ ಪತ್ರದ ನಮೂನೆಯನ್ನೂ. ಮೇಸ್ತ್ರಿಗಳೇ, ನಮ್ಮ ಕಿಟಕಿಗೆ ನೇರ ಅವರ ಚಾವಣಿ ಬರುತ್ತೆ. ಅದರ ಬಗ್ಗೆ ಏನಾದರೂ?

ಡಕ್ಟ್ ಮೇಸ್ತ್ರಿ:

ಅಯ್ಯೋ, ಅದನ್ನು ಮೊದಲೇ ಹೇಳಬಾರದಾ! ಲ್ಯಾಬಿನ ಗಾಳಿಯನ್ನು ಆಫೀಸಿನ ಥರ ಒಳಗೇ ತಿರುಗಿಸೋ ಹಾಗಿಲ್ಲ, ಹೊರಗೆ ತಳ್ಳುತ್ತಲೇ ಇರಬೇಕು. ಫ್ಯಾನುಗಳು ರಾತ್ರಿಯಿಡೀ ಓಡುತ್ತವೆ. ಶಬ್ದದ ಲೆಕ್ಕ ನಿಮ್ಮ ಕಿಟಕಿಯ ಹತ್ತಿರದ್ದು, ರಾತ್ರಿಯದ್ದು ಕೇಳಿ. ಹಗಲಿನದು ಕೊಟ್ಟರೆ ವಾಪಸ್ ಕಳಿಸಿ. ಜನರೇಟರ್ ಪರೀಕ್ಷೆ ಯಾವ ವಾರ, ಎಷ್ಟು ಗಂಟೆಗೆ ಅನ್ನೋದನ್ನೂ ಷರತ್ತಿನಲ್ಲೇ ಬರೆಸಿಕೊಳ್ಳಿ.