ಪದಚರ್ಚೆ: ‘ಹೀಲ್ ಟರ್ನ್’ಗೆ ಕನ್ನಡದಲ್ಲಿ ಏನನ್ನಬೇಕು? ವೇಷ ತಿರುಗುವುದು ಬೇರೆ, ಹೆಸರು ಕೆಡುವುದು ಬೇರೆ ಅಲ್ವಾ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಸರಿಯಾಗಿ ನೋಡಿದರೆ ಎರಡು ಬೇಕು, ಗಲಾಟೆ ಇರುವುದೇ ಅಲ್ಲಿ.

ಟೀವಿ ಕುಸ್ತಿಯಲ್ಲಿ, ಅಂದರೆ ಅಮೆರಿಕದ ಡಬ್ಲ್ಯುಡಬ್ಲ್ಯುಇ ಕಂಪನಿ ತೋರಿಸುವ, ಸೋಲು ಗೆಲುವು ಮೊದಲೇ ಗೊತ್ತುಮಾಡಿದ ಥರದ್ದರಲ್ಲಿ, ‘ಹೀಲ್’, ‘ಫೇಸ್’, ‘ಟರ್ನ್’ ಅಂತ ಮೂರು ಮಾತು ಯಾವಾಗಲೂ ಕಿವಿಗೆ ಬೀಳುತ್ತವೆ. ಜನ ಬೈಯಲಿ ಅಂತಲೇ ಕಟ್ಟಿದ ಕೆಟ್ಟವನ ಪಾತ್ರ ಹೀಲ್. ಜನ ಚಪ್ಪಾಳೆ ತಟ್ಟುವ ಒಳ್ಳೆಯವನ ಪಾತ್ರ ಫೇಸ್. ಒಬ್ಬ ಈ ಕಡೆಯಿಂದ ಆ ಕಡೆಗೆ ಹಾರಿದರೆ ಟರ್ನ್. ಇಲ್ಲಿವರೆಗೆ ತಕರಾರಿಲ್ಲ. ಆದರೆ ಅಭಿಮಾನಿಗಳು ಇದೇ ಮಾತನ್ನು ಕುಸ್ತಿಯವರ ಸ್ವಂತ ಬದುಕಿಗೂ ಹಚ್ಚುತ್ತಾರೆ. ರಿಂಗಿನ ಹೊರಗೆ ಏನೋ ಮಾಡಿ ಮರ್ಯಾದೆ ಕಳೆದುಕೊಂಡರೆ ‘ನಿಜಜೀವನದ ಹೀಲ್ ಟರ್ನ್’. ಕುಡಿತ ಬಿಟ್ಟು ನೆಟ್ಟಗಾದರೆ ‘ಫೇಸ್ ಟರ್ನ್’.

ಇದು ನನ್ನ ತಲೆಗೆ ಬಂದದ್ದು ಹೇಗೆ ಅಂದರೆ, ಇಲ್ಲಿ ಮುಂಬೈಯಲ್ಲಿ ನಾವು ಕೆಲವರು ಸೇರಿ ತರುವ ಪತ್ರಿಕೆಗೆ ಡೊಂಬಿವಲಿಯ ಹುಡುಗನೊಬ್ಬ ಇದೇ ವಿಷಯದ ಲೇಖನ ಕೊಟ್ಟಿದ್ದಾನೆ. ತಿದ್ದುವ ಕೆಲಸ ನನ್ನದು. ಹುಡುಗನಿಗೆ ವಿಷಯ ಚೆನ್ನಾಗಿ ಗೊತ್ತು. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್, ಲೋಕಲ್ ಟ್ರೇನಿನಲ್ಲಿ ಮರಾಠಿ, ಹಿಂದಿ. ಬರೆಯಲು ಕೂತರೆ ನಾಲ್ಕೂ ಒಟ್ಟಿಗೆ ಪೆನ್ನಿಗೆ ಇಳಿಯುತ್ತವೆ. ಹೀಲ್ ಟರ್ನಿಗೆ ಅವನು ಬರೆದದ್ದು ‘ಹಿಮ್ಮಡಿ ತಿರುವು’. ಓದಿದರೆ ಯಾರದೋ ಕಾಲು ಉಳುಕಿದ ಹಾಗಿದೆ. ಹೀಲ್ ಅನ್ನುವುದು ಅಮೆರಿಕದ ಆಡುಮಾತಿನಲ್ಲಿ ನೀಚ, ನಂಬಿಕೆಗೆ ಅರ್ಹನಲ್ಲದವನು ಅನ್ನುವ ಅರ್ಥದ ಬೈಗುಳ. ಪಾದಕ್ಕೂ ಅದಕ್ಕೂ ನಮ್ಮ ಮಟ್ಟಿಗೆ ಸಂಬಂಧವಿಲ್ಲ. ಹಾಗಾಗಿ ಅದನ್ನು ಹೊಡೆದು ಹಾಕಿದೆ. ಜಾಗ ಖಾಲಿ ಇದೆ.

ಪಾತ್ರಕ್ಕಾದರೆ ಪದಗಳಿಗೆ ಬರವಿಲ್ಲ. ಖಳ, ವಿಲನ್, ಪ್ರತಿನಾಯಕ. ಇದರಲ್ಲಿ ಪ್ರತಿನಾಯಕ ತೀರಾ ಪಾಠದ ಪುಸ್ತಕದ್ದು. ‘ಖಳತಿರುವು’ ಅಂತ ಹೊಸದಾಗಿ ಕಟ್ಟಬಹುದು ಅಂತ ಒಬ್ಬರು ಫೋನಿನಲ್ಲಿ ಹೇಳಿದರು. ಕಟ್ಟಬಹುದು, ಬಳಸುವವರು ಯಾರು? ನನಗೆ ಹಿಡಿಸಿದ್ದು ಕರಾವಳಿಯವರ ‘ಬಣ್ಣದ ವೇಷ’. ಯಕ್ಷಗಾನದಲ್ಲಿ ರಾಕ್ಷಸ ಪಾತ್ರಗಳಿಗೆ ಹಾಗೆ ಹೇಳುತ್ತಾರೆ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬೈಗೆ ಬಂದು ಆಟ ಆಡುತ್ತಾರಲ್ಲ, ಆಗ ನೋಡಿ. ರಂಗದ ಮೇಲೆ ಮಹಿಷಾಸುರನಾಗಿ ಆರ್ಭಟಿಸಿದವರು ಚೌಕಿಗೆ, ಅಂದರೆ ಬಣ್ಣ ಹಚ್ಚುವ ಕೋಣೆಗೆ, ಬಂದು ಬಣ್ಣ ತೆಗೆದು, ಹೋಟೆಲಿನವರ ಜೊತೆ ಕೂತು ಊಟ ಮಾಡುತ್ತಾರೆ. ಅವರನ್ನು ನೋಡಿ ಯಾರೂ ದೂರ ಸರಿಯುವುದಿಲ್ಲ. ವೇಷ ಬೇರೆ, ಆಸಾಮಿ ಬೇರೆ ಅಂತ ಎಲ್ಲರಿಗೂ ಗೊತ್ತು.

ಅಮೆರಿಕದ ಕುಸ್ತಿಯವರಿಗೆ ಬಹಳ ಕಾಲ ಈ ಸೌಕರ್ಯ ಇರಲಿಲ್ಲ. ಬಣ್ಣ ತೆಗೆಯುವ ಹಾಗೇ ಇರಲಿಲ್ಲ. ಇದೆಲ್ಲ ನಿಜ ಅಂತ ಹೊರಗೂ ನಟಿಸಬೇಕು ಅನ್ನುವ ಕಟ್ಟಳೆಗೆ ಅವರು ‘ಕೇಫೇಬ್’ ಅನ್ನುತ್ತಾರೆ. 1987ರಲ್ಲಿ ನ್ಯೂಜೆರ್ಸಿಯ ಹೆದ್ದಾರಿಯಲ್ಲಿ ಪೊಲೀಸರು ಒಂದು ಕಾರು ತಡೆದರು. ಒಳಗೆ ಹೀಲ್ ಪಾತ್ರದ ಐರನ್ ಶೇಖ್ ಮತ್ತು ಫೇಸ್ ಪಾತ್ರದ ಜಿಮ್ ಡಗನ್. ಮಾದಕ ವಸ್ತು ಸಿಕ್ಕಿತು, ಅದು ಸರಿ. ಅದಕ್ಕಿಂತ ದೊಡ್ಡ ಹಗರಣ ಅಂದರೆ ರಿಂಗಿನಲ್ಲಿ ಹಾವು ಮುಂಗುಸಿ ಹಾಗೆ ಇದ್ದವರು ಒಂದೇ ಕಾರಿನಲ್ಲಿ ಹೋಗುತ್ತಿದ್ದರು ಅನ್ನುವುದು! ಇಬ್ಬರಿಗೂ ಕೆಲಸ ಹೋಯಿತು. ಎರಡು ವರ್ಷ ಕಳೆದ ಮೇಲೆ, 1989ರಲ್ಲಿ, ಅವರನ್ನು ತೆಗೆದ ಅದೇ ಡಬ್ಲ್ಯುಡಬ್ಲ್ಯುಇ ಕಂಪನಿ ನ್ಯೂಜೆರ್ಸಿ ಸರ್ಕಾರದ ಮುಂದೆ ‘ಇದು ಮನರಂಜನೆ, ಕ್ರೀಡೆಯಲ್ಲ’ ಅಂತ ತಾನೇ ಒಪ್ಪಿಕೊಂಡಿತು. ಕ್ರೀಡೆಯ ಮೇಲಿದ್ದ ನಿಯಮ, ಶುಲ್ಕ ತಪ್ಪುತ್ತದಲ್ಲ, ಅದಕ್ಕೆ.

ಹೀಗೆ ಪಾತ್ರ ಮತ್ತು ಮನುಷ್ಯ ಒಂದೇ ಅಂತ ದಶಕಗಟ್ಟಲೆ ನಂಬಿಸಿದ್ದರಿಂದ ಅವರ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ ಉಳಿದುಕೊಂಡಿದೆ ಅಂತ ನನ್ನ ಊಹೆ. ನಾವು ಅದನ್ನು ಹಾಗೇ ಎತ್ತಿಕೊಂಡರೆ ಕೆಲಸ ಕೆಡುತ್ತದೆ. ಹಲ್ಕ್ ಹೋಗನ್ ಉದಾಹರಣೆಯನ್ನೇ ತಗೊಳ್ಳಿ. ಎಂಬತ್ತರ ದಶಕದಲ್ಲಿ ಆತ ಮಕ್ಕಳ ಕಣ್ಮಣಿ. ಪ್ರಾರ್ಥನೆ ಮಾಡಿ, ವಿಟಮಿನ್ ತಿನ್ನಿ ಅಂತ ಬುದ್ಧಿ ಹೇಳುತ್ತಿದ್ದವನು. (1994ರಲ್ಲಿ ಕೋರ್ಟಿನಲ್ಲಿ ಸ್ಟೆರಾಯ್ಡ್ ತಗೊಂಡದ್ದು ಒಪ್ಪಿಕೊಂಡ, ಆ ವಿಟಮಿನ್ ಯಾವುದು ಅಂತ ಆಗ ಗೊತ್ತಾಯಿತು.) 1996ರ ಜುಲೈನಲ್ಲಿ ಆತ ರಿಂಗಿನಲ್ಲಿ ತನ್ನವರಿಗೇ ಕೈಕೊಟ್ಟು ಕೆಟ್ಟವರ ಗುಂಪು ಸೇರಿದ. ಜನ ಲೋಟ, ಬಾಟಲಿ, ಕಸ ಎಲ್ಲ ರಿಂಗಿಗೆ ಎಸೆದರು. ಇದು ಹೀಲ್ ಟರ್ನ್. ಆ ಬೈಗುಳಕ್ಕೆ ಟಿಕೆಟ್ ಜಾಸ್ತಿ ಖರ್ಚಾಯಿತು, ಎಲ್ಲರಿಗೂ ದುಡ್ಡಾಯಿತು.

2015ರ ಜುಲೈನಲ್ಲಿ ಆದದ್ದು ಬೇರೆ. ಕಪ್ಪು ಜನರ ಬಗ್ಗೆ ಆತ ಹೊಲಸಾಗಿ ಮಾತಾಡಿದ್ದ ಹಳೇ ರೆಕಾರ್ಡಿಂಗ್ ಹೊರಗೆ ಬಂತು. ಡಬ್ಲ್ಯುಡಬ್ಲ್ಯುಇ ಕಂಪನಿ ಒಪ್ಪಂದ ಮುರಿದು, ‘ಹಾಲ್ ಆಫ್ ಫೇಮ್’ ಅನ್ನುವ ಗೌರವದ ಪಟ್ಟಿಯಿಂದಲೂ ಹೆಸರು ತೆಗೆಯಿತು. 2018ರಲ್ಲಿ ವಾಪಸ್ ಸೇರಿಸಿಕೊಂಡಿತು. ಕಂಪನಿ ಸೇರಿಸಿಕೊಂಡರೆ ಆಯಿತೇ? 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಕಡೆಯ ದೊಡ್ಡ ಕಾರ್ಯಕ್ರಮದಲ್ಲಿ ಆತ ಕಾಣಿಸಿಕೊಂಡಾಗ ಜನ ಹೋ ಅಂತ ಕೂಗಿ ಅವಮಾನ ಮಾಡಿದರು. ಅದೇ ವರ್ಷ ಜುಲೈನಲ್ಲಿ ತೀರಿಕೊಂಡ. 1996ರ ಕೂಗೂ ಕೂಗೇ, 2025ರ ಕೂಗೂ ಕೂಗೇ. ಆದರೆ ಮೊದಲನೆಯದು ವೇಷಕ್ಕೆ, ಎರಡನೆಯದು ಆಸಾಮಿಗೆ. ಎರಡಕ್ಕೂ ‘ತಿರುವು’ ಅಂತ ಬರೆದರೆ ಓದುವವನಿಗೆ ಏನು ತಿಳಿಯಬೇಕು?

ನಮ್ಮಲ್ಲಿ ವೇಷ ಬದಲಾಗುತ್ತೆ, ಪಕ್ಷ ಬದಲಾಗುತ್ತೆ. ಹೆಸರು ತಿರುಗುವುದಿಲ್ಲ. ಹೆಸರು ಬರುತ್ತೆ, ಹೋಗುತ್ತೆ, ಉಳಿಯುತ್ತೆ, ಕೆಡುತ್ತೆ. ಅದರಲ್ಲೂ ಕೆಡುವುದಕ್ಕೆ ಕನ್ನಡ ಲೆಕ್ಕ ಕೇಳುತ್ತದೆ: ಕೆಟ್ಟಿತಾ, ಕೆಡಿಸಿದರಾ, ಕೆಡಿಸಿಕೊಂಡನಾ? ಹುಡುಗ ಎಲ್ಲ ಕಡೆಯೂ ‘ಪ್ರತಿಷ್ಠೆಯ ಕುಸಿತವನ್ನು ಅನುಭವಿಸಿದರು’ ಅಂತ ಒಂದೇ ಅಚ್ಚು ಒತ್ತಿದ್ದ. ಹೋಗನ್ ಏನೂ ಅನುಭವಿಸಲಿಲ್ಲ, ಹೆಸರು ಕೆಡಿಸಿಕೊಂಡ. ಸಾರ್ಜೆಂಟ್ ಸ್ಲಾಟರ್ ಕಥೆ ಹಾಗಲ್ಲ. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಆತನಿಗೆ ಇರಾಕ್ ಪರ ಇರುವ ದೇಶದ್ರೋಹಿಯ ಪಾತ್ರ ಕೊಟ್ಟರು. ಜನ ಅದನ್ನು ಎಷ್ಟು ನಿಜ ಅಂದುಕೊಂಡರು ಅಂದರೆ ಕೊಲೆ ಬೆದರಿಕೆ ಬಂತು. ಅಲ್ಲಿ ಹೆಸರು ‘ಕೆಟ್ಟಿತು’, ಪಾತ್ರದ ದೆಸೆಯಿಂದ. ಮಾಡಿಕೊಂಡದ್ದು ಆತನಲ್ಲ.

ಇನ್ನು ಕ್ರಿಸ್ ಬೆನ್ವಾ. 2004ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪಟ್ಟ ಗೆದ್ದು, ಕುಸ್ತಿಯ ಕಸುಬುದಾರ ಅಂತ ಹೊಗಳಿಸಿಕೊಂಡವನು. 2007ರ ಜೂನ್‌ನಲ್ಲಿ ಹೆಂಡತಿಯನ್ನೂ ಚಿಕ್ಕ ಮಗನನ್ನೂ ಕೊಂದು ತಾನೂ ಸತ್ತ. ಏನಾಗಿದೆ ಅಂತ ಪೂರ್ತಿ ಗೊತ್ತಾಗುವ ಮೊದಲು ಕಂಪನಿ ಒಂದು ರಾತ್ರಿ ಇಡೀ ಶ್ರದ್ಧಾಂಜಲಿ ಕಾರ್ಯಕ್ರಮ ಮಾಡಿತು. ಮರುದಿನ ಯಜಮಾನ ಟೀವಿಗೆ ಬಂದು ಇನ್ನು ಆತನ ಪ್ರಸ್ತಾಪ ಇಲ್ಲ ಅಂದ. ಆಮೇಲೆ ಮೆದುಳು ಪರೀಕ್ಷಿಸಿದ ವೈದ್ಯರು ವರ್ಷಾನುಗಟ್ಟಲೆ ತಲೆಗೆ ಬಿದ್ದ ಪೆಟ್ಟಿನಿಂದ ತೀವ್ರ ಹಾನಿ ಆಗಿತ್ತು ಅಂದರು. ಅದರಿಂದ ಕುಸ್ತಿಯಲ್ಲಿ ತಲೆಗೆ ಕುರ್ಚಿಯಿಂದ ಹೊಡೆಯುವುದರ ಬಗ್ಗೆ ಚರ್ಚೆ ಆಯಿತೇ ಹೊರತು ಆತನ ಹೆಸರು ವಾಪಸ್ ಬರಲಿಲ್ಲ. ಇದಕ್ಕೆ ಪದ ಹುಡುಕಬೇಕಾಗಿಯೇ ಇಲ್ಲ. ‘ಹೆಸರೆತ್ತಬೇಡ’ ಅಂತ ನಮ್ಮ ಮನೆಮನೆಯಲ್ಲೂ ಒಬ್ಬನ ಬಗ್ಗೆ ಹೇಳುತ್ತಾರಲ್ಲ, ಅದೇ. ಹುಡುಗನ ‘ಇತಿಹಾಸದಿಂದ ಅಳಿಸಲ್ಪಟ್ಟರು’ ತೆಗೆದು ‘ಕಂಪನಿಯವರು ಆಮೇಲೆ ಅವನ ಹೆಸರೆತ್ತಲಿಲ್ಲ’ ಅಂತ ಹಾಕಿದೆ.

ಈಗ ನನ್ನ ನಿಜವಾದ ತೊಂದರೆ. ಕೆಡುವುದಕ್ಕೆ ಇಷ್ಟೊಂದು ದಾರಿ ಇದೆ, ಕೆಟ್ಟ ಹೆಸರು ಮತ್ತೆ ಒಳ್ಳೆಯದಾಗುವುದಕ್ಕೆ ಬಾಯಿಗೆ ಬರುವ ಮಾತು ಯಾವುದು? ಜೇಕ್ ರಾಬರ್ಟ್ಸ್ ಅಂತ ಹಾವು ಹಿಡಿದುಕೊಂಡು ಬರುತ್ತಿದ್ದನಲ್ಲ, ತೊಂಬತ್ತರ ದಶಕದ ಕೇಬಲ್ ಟೀವಿ ನೋಡಿದವರಿಗೆ ನೆನಪಿರುತ್ತದೆ. ಕುಡಿತ, ಡ್ರಗ್ಸ್‌ನಲ್ಲಿ ಮುಳುಗಿ, ಜನ ಛೀ ಅನ್ನುವ ಹಾಗಾಗಿದ್ದ. 2012ರ ನಂತರ ಹಳೇ ಗೆಳೆಯ ಡೈಮಂಡ್ ಡಲ್ಲಾಸ್ ಪೇಜ್ ತನ್ನ ಮನೆಯಲ್ಲಿ ಇಟ್ಟುಕೊಂಡು ಚಟ ಬಿಡಿಸಿದ. 2014ರಲ್ಲಿ ರಾಬರ್ಟ್ಸ್‌ಗೆ ಗೌರವದ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಇದನ್ನು ಏನನ್ನುವುದು? ‘ಕಳಂಕ ತೊಳೆದುಕೊಂಡ’ ಅಂದರೆ ಪೌರಾಣಿಕ ನಾಟಕ. ‘ಹೆಸರು ಮರುಗಳಿಕೆ’ ಬ್ಯಾಂಕಿನವರ ಸಾಲ ವಸೂಲಿ. ‘ದಾರಿಗೆ ಬಂದ’ ಸರಿ ಇದೆ, ಆದರೆ ಅದು ಅವನ ನಡತೆಗೆ, ಜನರ ಬಾಯಿಗಲ್ಲ. ‘ಸುಧಾರಿಸಿದ’ ಅನ್ನೋಣವೆಂದರೆ ಒಂದೊಂದು ಕಡೆ ಒಂದೊಂದು ಅರ್ಥ. ಮೈಸೂರಿನವರಿಗೆ ‘ಸುಧಾರಿಸಿಕೊಂಡ’ ಅಂದರೆ ಉಸಿರು ಹಿಡಿದು ಚೇತರಿಸಿಕೊಂಡ. ಮಂಗಳೂರಿನವರಿಗೆ ‘ಸುಧಾರಿಸಿದೆ’ ಅಂದರೆ ಇದ್ದುದರಲ್ಲೇ ಹೇಗೋ ನಿಭಾಯಿಸಿದೆ. ಧಾರವಾಡದ ಕಡೆ ‘ಸುಧಾರಿಸ್ಯಾನ’ ಅಂದರೆ ನಮಗೆ ಬೇಕಾದ ಅರ್ಥ ಬರುತ್ತದೆ.

ಐರನ್ ಶೇಖ್‌ಗೆ ಅದೂ ಸಾಲದು. ಎಂಬತ್ತರ ದಶಕದಲ್ಲಿ ಇರಾನಿನವನು ಅಂತಲೇ ಅಮೆರಿಕದವರು ದ್ವೇಷಿಸಿದ ಮನುಷ್ಯ. ಮುದಿವಯಸ್ಸಿನಲ್ಲಿ ಟ್ವಿಟರ್‌ನಲ್ಲಿ ಎಲ್ಲರನ್ನೂ ಬಾಯಿಗೆ ಬಂದ ಹಾಗೆ ಬೈದುಕೊಂಡೇ ಮೊಮ್ಮಕ್ಕಳ ವಯಸ್ಸಿನವರಿಗೆ ಅಚ್ಚುಮೆಚ್ಚಾದ. 2023ರಲ್ಲಿ ತೀರಿಕೊಂಡಾಗ ಎಲ್ಲ ಕಡೆಯಿಂದ ಪ್ರೀತಿಯ ಮಾತು ಬಂತು. ಅವನು ಸುಧಾರಿಸಲೇ ಇಲ್ಲ, ಜನ ಸುಧಾರಿಸಿದರು!

ಇದೇ ಲೇಖನದಲ್ಲಿ ಇನ್ನೊಂದು ಗುಂಡಿ ಸಿಕ್ಕಿತು. ಇದು ನಮ್ಮ ಕಡೆಯ, ಅಂದರೆ ಮುಂಬೈ-ಪುಣೆ ಕನ್ನಡದ ಗುಂಡಿ. ದಿ ಗ್ರೇಟ್ ಖಲಿ ಬಗ್ಗೆ ಬರೆಯುತ್ತಾ ಹುಡುಗ ‘ಖಲಿ ದೇಶದ ಹೆಸರು ತೆಗೆದರು’ ಅಂದಿದ್ದಾನೆ. ಹಿಮಾಚಲದ ದಲೀಪ್ ಸಿಂಗ್ ರಾಣಾ, ಪಂಜಾಬ್ ಪೊಲೀಸಿನಲ್ಲಿದ್ದವರು. 2006ರಲ್ಲಿ ಅಮೆರಿಕದ ಟೀವಿಗೆ ಬಂದರು, 2007ರಲ್ಲಿ ವಿಶ್ವ ಚಾಂಪಿಯನ್ ಪಟ್ಟ ಕಟ್ಟಿಕೊಂಡರು. ಅಲ್ಲಿ ಅವರಿಗೆ ಕೊಟ್ಟದ್ದು ಅಪ್ಪಟ ಬಣ್ಣದ ವೇಷ. ಇಲ್ಲಿ ನಮಗೆ ಅವರು ಮನೆ ಮಗ. ಒಬ್ಬನೇ ಮನುಷ್ಯ, ಒಂದೇ ಹೊಡೆತ, ಅಲ್ಲಿ ಹೀಲ್, ಇಲ್ಲಿ ಹೀರೋ. ಹೊಗಳಬೇಕಾದ ಜಾಗದಲ್ಲಿ ‘ಹೆಸರು ತೆಗೆದರು’ ಯಾಕೆ? ಮರಾಠಿಯಲ್ಲಿ ‘ನಾವ್ ಕಾಢಲಂ’ ಅಂದರೆ ಹೆಸರು ತಂದ, ಕೀರ್ತಿ ತಂದ ಅಂತ. ಅದನ್ನೇ ಕನ್ನಡಕ್ಕೆ ಇಳಿಸಿದ್ದಾನೆ. ಆದರೆ ನಮ್ಮ ಕಿವಿಗೆ ಅದು ‘ಮಾನ ತೆಗೆದ’, ‘ಮರ್ಯಾದೆ ತೆಗೆದ’ಗಳ ಪಕ್ಕ ಹೋಗಿ ಕೂರುತ್ತದೆ, ಪೂರಾ ಉಲ್ಟಾ! ಹಾಗೆಯೇ ಅವರ ‘ನಾವಂ ಠೇವಣಂ’ ಅಂದರೆ ತಪ್ಪು ಹುಡುಕುವುದು. ಉತ್ತರ ಕರ್ನಾಟಕದಲ್ಲೂ ‘ಎಲ್ಲಾದಕ್ಕೂ ಹೆಸರಿಡತಾನ’ ಅಂದರೆ ಅದೇ ಅರ್ಥ. ಹಾಸನದವರಿಗೆ ಅದು ಬರೀ ನಾಮಕರಣ.

ಪುಣೆಯಲ್ಲಿ ಅಥಣಿ ಕಡೆಯ ಹಿರಿಯರೊಬ್ಬರು ಸಿಕ್ಕಿದ್ದರು. ವಯಸ್ಸಿನಲ್ಲಿ ಕೊಲ್ಹಾಪುರದ ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ಮಣ್ಣಿನ ಕುಸ್ತಿ ಆಡಿದವರು, ಕಿವಿ ಮುದುಡಿ ಗಂಟಾಗಿದೆ. ಟೀವಿ ಕುಸ್ತಿಗೆ ಏನಂತೀರಿ ಅಂದೆ. ‘ನೂರಾ ಕುಸ್ತಿ ರೀ ಅದು, ಏನ್ ಕೇಳ್ತೀರಿ’ ಅಂದರು. ಮೊದಲೇ ಮಾತಾಡಿಕೊಂಡು ಆಡುವುದು ನೂರಾ ಕುಸ್ತಿ. ಗೆದ್ದವನು ಯಾರು ಅಂತ ಗೊತ್ತಾಗುವ ತನಕ ಬಿಡದ್ದು ನಿಕಾಲಿ ಕುಸ್ತಿ. ಜಾತ್ರೆಯಲ್ಲಿ ಇಬ್ಬರು ಸುಮ್ನೆ ತಳ್ಳಾಡುತ್ತಿದ್ದರೆ ಪಂಚರು ಕುಸ್ತಿ ಬಿಡಿಸಿ ಕಳಿಸುತ್ತಾರೆ. ‘ಒಮ್ಮೆ ನೂರಾ ಆಡಿ ಸಿಕ್ಕ ಬಿದ್ದಂದ್ರ ಹೆಸರ ಹೋತು. ಮುಂದಿನ ಜಾತ್ರಿಗೆ ಯಾರೂ ಕರಿಯೂದಿಲ್ಲ.’ ಹಾಗಾದರೆ ದಾರಾಸಿಂಗ್? ಐವತ್ತು-ಅರವತ್ತರ ದಶಕದಲ್ಲಿ ಇಲ್ಲೇ ಮುಂಬೈಯ ವರ್ಲಿಯಲ್ಲಿ ಕಿಂಗ್ ಕಾಂಗ್ ಅನ್ನುವ ಹೆಸರಿನ ಕುಸ್ತಿಯವನ ಥರದವರ ಜೊತೆ ನಡೆದ ಫ್ರೀಸ್ಟೈಲ್ ಆಟಗಳ ಮೇಲೂ ನೂರಾ ಅನ್ನುವ ಗುಸುಗುಸು ಇತ್ತಲ್ಲ? ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: ‘ಅವರ ಮಾತು ಬ್ಯಾರೆ. ಅವರು ಹನುಮಪ್ಪ ಆದರು.’

ನಿಜವೇ. 1968ರಲ್ಲಿ ಇದೇ ಮುಂಬೈಯಲ್ಲಿ ಅಮೆರಿಕದ ಲೂ ಥೆಜ್ ಅವರನ್ನು ಸೋಲಿಸಿ ವಿಶ್ವ ಪಟ್ಟ ಗೆದ್ದದ್ದಕ್ಕಿಂತ 1987ರಲ್ಲಿ ದೂರದರ್ಶನದ ರಾಮಾಯಣದಲ್ಲಿ ಗದೆ ಹಿಡಿದದ್ದು ಅವರ ಹೆಸರನ್ನು ಜಾಸ್ತಿ ಗಟ್ಟಿ ಮಾಡಿತು. ಆಮೇಲೆ ರಾಜ್ಯಸಭೆ. ಈಗಲೂ ‘ದೊಡ್ಡ ದಾರಾಸಿಂಗ್ ನೋಡು’ ಅಂತ ಹುಡುಗರನ್ನು ಛೇಡಿಸುತ್ತೇವೆ, ಹೆಸರೇ ಪದವಾಗಿಬಿಟ್ಟಿದೆ. ಈ ಜಾಗಕ್ಕೆ ಹುಡುಗ ‘ಫೇಸ್ ಟರ್ನ್’ ಅಂತ ಬರೆದಿದ್ದ. ಕೆಟ್ಟವರಾಗಿದ್ದು ಯಾವಾಗ ಅಂತ ಅಂಚಿನಲ್ಲಿ ಗೀಚಿ ಕಳಿಸಿದ್ದೇನೆ.

ಸದ್ಯಕ್ಕೆ ಪಾತ್ರ ಬದಲಾದರೆ ‘ವೇಷ ಬದಲಿಸಿದ’ ಅಂತಲೂ, ಬದುಕಿನ ಸಂಗತಿಗೆ ಹೆಸರಿನ ಮಾತುಗಳನ್ನೂ ಹಾಕಿ ಇಟ್ಟಿದ್ದೇನೆ. ಹೀಲ್, ಫೇಸ್ ಎರಡನ್ನೂ ಮೊದಲ ಸಲ ವಿವರಿಸಿ ಹಾಗೇ ಬಿಟ್ಟಿದ್ದೇನೆ, ಕ್ರಿಕೆಟ್ಟಿನ ಗೂಗ್ಲಿಗೆ ನಾವು ಕನ್ನಡ ಹುಡುಕಿದ್ದೇವೆಯೇ?

ನಿಮ್ಮಿಂದ ಬೇಕಾದದ್ದು ಇಷ್ಟು. ಕೆಟ್ಟ ಹೆಸರು ಹೋಗಿ ಒಳ್ಳೆ ಹೆಸರು ಬಂದವನಿಗೆ ನಿಮ್ಮೂರಲ್ಲಿ ಏನನ್ನುತ್ತಾರೆ? ನಿಘಂಟಿನದ್ದು ಬೇಡ, ಕಿವಿಯಿಂದ ಕೇಳಿದ್ದು ಹೇಳಿ. ‘ಹೆಸರು ತೆಗೆದ’ ಅನ್ನುವುದನ್ನು ಹೊಗಳಿಕೆಯಾಗಿ ಬೆಳಗಾವಿ, ನಿಪ್ಪಾಣಿ, ವಿಜಯಪುರದ ಕಡೆ ಯಾರಾದರೂ ಕೇಳಿದ್ದೀರಾ? ಕೇಳಿದ್ದರೆ ಯಾವ ಊರು, ಯಾವ ವಯಸ್ಸಿನವರ ಬಾಯಲ್ಲಿ ಅಂತ ಪೂರ್ತಿ ವಾಕ್ಯ ಸಮೇತ ಬರೆಯಿರಿ. ಅಲ್ಲಿ ಚಾಲ್ತಿಯಲ್ಲಿದ್ದರೆ ಹುಡುಗನ ವಾಕ್ಯ ನಾನು ಮುಟ್ಟುವುದಿಲ್ಲ.